ನುವಾರ ಎಲಿಯದಿಂದ ಅಪ್ಪನಿಗೆ

ನುವಾರ ಎಲಿಯ, ಶ್ರೀಲಂಕಾ
ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪನವರಿಗೆ ಮಗಳ ನಮಸ್ಕಾರಗಳು.

ನಾವಿಬ್ಬರೂ ಕ್ಷೇಮ. ಅಮ್ಮ, ಅಜ್ಜಿ, ಪುಟ್ಟ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನೀವೂ ಕ್ಷೇಮವೆಂದು ಬರೆಯಲು ಮಾತ್ರ ಕೈ ಬರುತ್ತಿಲ್ಲ. ನಿಮ್ಮ ಕಾಲಿನ ವಿಷಯ ಅಮ್ಮ ಬರೆದಿದ್ದಾಳೆ. ಅವಳ ಮೇಲೆ ರೇಗಬೇಡಿ. ಪುಟ್ಟನ ಕೈಯಲ್ಲಿ ಉದ್ದಕ್ಕೆ ಟೈಪ್ ಮಾಡಿಸಿದ್ದಾಳೆ. ಅದರಲ್ಲಿ ಮುಕ್ಕಾಲು ಪಾಲು ಕೊಯ್ಲಿಗೆ ಬಂದ ಅಸ್ಸಾಮಿನವರ ಅಕ್ಕಿ, ಬೇಳೆಯ ಲೆಕ್ಕ. ಕೊನೆಯಲ್ಲಿ, ‘ಅಪ್ಪನಿಗೆ ಗಂಬೂಟು ಉಜ್ಜಿ ಹೆಬ್ಬೆರಳ ಪಕ್ಕ ಗಾಯವಾಗಿದೆ, ದೀಪಾವಳಿಯಿಂದ ಮಾಗಿಲ್ಲ, ನೀನು ಗಾಬರಿಯಾಗಬೇಡ’ ಎಂದಿದೆ. ಗಾಬರಿಯಾಗಬೇಡ ಎಂಬ ಮಾತು ಓದಿಯೇ ನನ್ನ ನಿದ್ದೆ ಹಾರಿತು.

ಫೋನಿನಲ್ಲಿ ಕೇಳಿದರೆ ನೀವು ‘ಏನೂ ಇಲ್ಲ, ಇಲ್ಲಿ ಸಿಗ್ನಲ್ ಸರಿಯಿಲ್ಲ’ ಎಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರ ಫೋಟೋ ಪುಟ್ಟನ ಮೊಬೈಲಿಗೆ ಬರುತ್ತದೆ, ಅವನು ಗಟ್ಟಿಯಾಗಿ ಓದಲಿ. ನಡುವೆ ಎದ್ದು ಕಣದ ಕಡೆ ಹೋಗಬೇಡಿ.

‘ಹೋದ ಕಡೆಯದೆಲ್ಲ ಬರೆ’ ಎಂದಿದ್ದಿರಿ, ಆದ್ದರಿಂದ ಅದೂ ಇರಲಿ. ವಿಮಾನದಲ್ಲಿ ಏನೂ ತೊಂದರೆಯಾಗಲಿಲ್ಲ. ನಮ್ಮೂರಿನಿಂದ ಬೆಂಗಳೂರು ಮುಟ್ಟಲು ಆದ ಸುಸ್ತು ಬೆಂಗಳೂರಿನಿಂದ ಕೊಲಂಬೊಗೆ ಬರಲು ಆಗಲಿಲ್ಲ. ಗಡಿಯಾರವನ್ನೂ ತಿರುಗಿಸಬೇಕಿಲ್ಲ, ಇಲ್ಲಿಯೂ ನಮ್ಮದೇ ಸಮಯ. ‘ಅಲ್ಲಿ ರಾತ್ರಿಯಾಗಿರುತ್ತದೆ’ ಎಂದು ಅಮ್ಮ ಫೋನ್ ಮಾಡದೆ ಕೂರುವುದು ಬೇಡ.

ಮೊದಲು ಸಿಗಿರಿಯ. ಇವರ ಹಟ. ಬಯಲಿನ ನಡುವೆ ಒಂದೇ ಬಂಡೆ, ಅದರ ನೆತ್ತಿಯ ಮೇಲೆ ಐದನೆಯ ಶತಮಾನದಲ್ಲಿ ಕಾಶ್ಯಪನೆಂಬ ರಾಜ ಅರಮನೆ ಕಟ್ಟಿಕೊಂಡಿದ್ದ. ತಂದೆಯನ್ನು ಕೊಂದು ಪಟ್ಟಕ್ಕೆ ಬಂದವನು, ಮಲಸಹೋದರ ಸೇನೆ ತಂದಾನೆಂಬ ಭಯ. ಸುಮಾರು 1,200 ಮೆಟ್ಟಿಲು. ಅರ್ಧ ದಾರಿಯಲ್ಲಿ ‘ಸದ್ದು ಮಾಡಬೇಡಿ, ಕಣಜಗಳು ಏಳುತ್ತವೆ’ ಎಂಬ ಫಲಕ ಕಂಡು ಉಳಿದವರು ಪಿಸುಗುಟ್ಟತೊಡಗಿದರು. ಹೆಜ್ಜೇನು ಕಟ್ಟಿದ ಮರದ ಕೆಳಗೇ ಕಾಫಿ ಕೊಯ್ದವಳಿಗೆ ಇದೇನು ಮಹಾ ಎಂದು ನಾನು ಸುಮ್ಮನೆ ಹತ್ತಿದೆ. ಮೇಲಿನ ಬಾಗಿಲಿಗೆ ಹಿಂದೆ ದೊಡ್ಡ ಸಿಂಹವೇ ಇತ್ತಂತೆ. ತಲೆ, ಮೈ ಎಲ್ಲ ಬಿದ್ದುಹೋಗಿ ಈಗ ಎರಡು ಪಾದಗಳಷ್ಟೇ ಉಳಿದಿವೆ, ಒಂದೊಂದು ಉಗುರೂ ಆಳೆತ್ತರ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನ ಕಣ್ಣು ಆ ಹೆಬ್ಬೆರಳ ಮೇಲೇ ನಿಂತಿತು. ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಕ್ಯಾಂಡಿಯಲ್ಲಿ ಬುದ್ಧನ ದಂತವಿರುವ ದಳದಾ ಮಾಳಿಗಾವೆ ನೋಡಿದೆವು. ದಂತ ಕಾಣುವುದಿಲ್ಲ, ಅದನ್ನಿಟ್ಟ ಚಿನ್ನದ ಕರಂಡಕವನ್ನು ದೂರದಿಂದ ನೋಡಿ ಬರಬೇಕು. ಈ ಊರಿನ ಕೊನೆಯ ರಾಜನನ್ನು ಇಂಗ್ಲಿಷರು 1815ರಲ್ಲಿ ಇಳಿಸಿದರು, ನಮ್ಮ ಕೊಡಗಿನ ಚಿಕ್ಕವೀರರಾಜನನ್ನು 1834ರಲ್ಲಿ. ಇಲ್ಲಿ ಕಲಿತ ಪಾಠವನ್ನೇ ಅಲ್ಲಿ ಒಪ್ಪಿಸಿದರೆಂದು ಇವರಿಗೆ ಹೇಳಿದೆ. ನೀವು ಜೊತೆಗಿದ್ದಿದ್ದರೆ ಗೈಡಿಗೇ ಪಾಠ ಹೇಳುತ್ತಿದ್ದಿರಿ.

ಊಟದ ಬಗ್ಗೆ ಅಮ್ಮನಿಗೆ ಚಿಂತೆ ಬೇಡ. ಬೆಳಿಗ್ಗೆ ಅಕ್ಕಿ ಶ್ಯಾವಿಗೆ, ಕಾಯಿ ಹಾಲಿನ ಸಾರು. ಮಧ್ಯಾಹ್ನ ಅನ್ನ, ಹಲಸಿನ ಗುಜ್ಜೆ ಪಲ್ಯ, ಮೀನು. ಆ ಮೀನಿಗೆ ಹಾಕುವ ಹುಳಿ ಯಾವುದು ಗೊತ್ತೇ? ನಮ್ಮ ಕಾಚಂಪುಳಿಯ ಹಣ್ಣೇ! ನಾವು ರಸ ಬತ್ತಿಸಿ ಶೀಶೆಗೆ ತುಂಬುತ್ತೇವೆ. ಇವರು ಹಣ್ಣನ್ನು ಹೋಳು ಮಾಡಿ ಕರ್ರಗೆ ಒಣಗಿಸಿ ಇಡುತ್ತಾರೆ, ಗೋರಕ ಎನ್ನುತ್ತಾರೆ. ಹೋಂಸ್ಟೇಯ ಆಕೆಗೆ ನಮ್ಮ ಕ್ರಮವನ್ನು ಕೈಸನ್ನೆಯಲ್ಲೇ ವಿವರಿಸಿದೆ. ‘ಅಷ್ಟು ಹಣ್ಣು ಬತ್ತಿಸಿದರೆ ಉಳಿಯುವುದೇನು?’ ಎಂಬಂತೆ ನೋಡಿದಳು. ಬೈನೆ ಮರದ ಪಾಕವನ್ನು ಎಮ್ಮೆ ಮೊಸರಿಗೆ ಸುರಿದು ಕೊಡುತ್ತಾರೆ, ಅದರ ರುಚಿಯನ್ನು ನಿಮಗೆ ಹೇಳುವುದಿಲ್ಲ. ಮನೆಗೂ ತರುವುದಿಲ್ಲ.

ಕ್ಯಾಂಡಿಯಿಂದ ಇಲ್ಲಿಗೆ ರೈಲು. ಬೋಗಿಯ ಬಾಗಿಲಲ್ಲಿ ಜೋತುಬಿದ್ದು ಫೋಟೋ ತೆಗೆಸಿಕೊಳ್ಳುವುದೇ ಇಲ್ಲಿನ ಪದ್ಧತಿ. ಇವರೂ ಎದ್ದರು, ನಾನು ಶರ್ಟಿನ ಚುಂಗು ಹಿಡಿದು ಕೂರಿಸಿದೆ. ಕಿಟಕಿಯಾಚೆ ಗುಡ್ಡಕ್ಕೆ ಗುಡ್ಡವೇ ಚಹಾ. ನೆರಳಿಗೆ ಅಲ್ಲೊಂದು ಇಲ್ಲೊಂದು ಸಿಲ್ವರ್ ಮರ, ಅದರ ಮೇಲೆ ಮೆಣಸಿನ ಬಳ್ಳಿ ಇಲ್ಲ. ಜಾಗ ದಂಡ ಮಾಡಿದ್ದಾರೆಂದು ನೀವು ಬೈಯುತ್ತಿದ್ದಿರಿ. ಕೂಲಿಯವರ ಲೈನ್ ಮನೆಗಳು ಥೇಟ್ ನಮ್ಮ ಕಡೆಯವೇ.

ಅಪ್ಪ, ಈಗ ಹೇಳುವುದನ್ನು ಸರಿಯಾಗಿ ಕೇಳಿ. ಈ ಗುಡ್ಡಗಳ ಮೇಲೆಲ್ಲ ಮೊದಲು ಇದ್ದದ್ದು ಕಾಫಿ, ನಮ್ಮ ಹಾಗೆ ಅರೇಬಿಕ. 1869ರಲ್ಲಿ ಯಾರದೋ ತೋಟದಲ್ಲಿ ಎಲೆಯ ಅಡಿಗೆ ಕಿತ್ತಳೆ ಬಣ್ಣದ ಪುಡಿ ಕಂಡಿತು. ನಾವು ಇವತ್ತಿಗೂ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವುದು ಯಾವುದಕ್ಕೋ ಅದೇ ತುಕ್ಕು ರೋಗ. ಎಲೆ ಉದುರಿತು, ಮತ್ತೆ ಚಿಗುರಿತು, ತೋಟದವರು ತಲೆ ಕೆಡಿಸಿಕೊಳ್ಳಲಿಲ್ಲ. ಆಗ ಕಾಫಿಗೆ ಬೆಲೆಯೂ ಏರುತ್ತಿತ್ತು, ಇಳುವರಿ ಬಿದ್ದದ್ದು ಲೆಕ್ಕದಲ್ಲಿ ಎದ್ದು ಕಾಣಲಿಲ್ಲ. ಇನ್ನಷ್ಟು ಕಾಡು ಕಡಿದು ಇನ್ನಷ್ಟು ಗಿಡ ನೆಟ್ಟರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಆ ತೋಟಗಳು ಹೇಳಹೆಸರಿಲ್ಲದಂತಾದವು. ಜೇಮ್ಸ್ ಟೇಲರ್ ಎಂಬಾತ 1867ರಲ್ಲೇ 19 ಎಕರೆ ಚಹಾ ನೆಟ್ಟಿದ್ದರಿಂದ ಉಳಿದವರಿಗೆ ಒಂದು ದಾರಿಯಾಯಿತು. ಚಹಾ ಫ್ಯಾಕ್ಟರಿಯ ಹುಡುಗ ಇದನ್ನು ಹೇಳುತ್ತಿದ್ದಾಗ ನನಗೆ ಕಿವಿಯಲ್ಲಿ ಕೇಳಿಸಿದ್ದು ನಿಮ್ಮ ಮಾತು: ‘ಈ ಸಲ ರೇಟು ಚೆನ್ನಾಗಿದೆ, ಕೊಯ್ಲು ಮುಗಿಯಲಿ, ಆಮೇಲೆ ತೋರಿಸೋಣ.’

ಅವರಿಗೆ ಕಾಫಿ ಹೋದರೆ ಚಹಾ ಇತ್ತು. ಕಾಲು ಹೋದ ಜಾಗಕ್ಕೆ ಏನು ನೆಡುತ್ತೀರಿ?

ಕಟುವಾಗಿ ಬರೆದೆ, ಇರಲಿ. ‘ನೋವೇ ಇಲ್ಲ’ ಎಂದು ಅಮ್ಮನಿಗೆ ಹೇಳುತ್ತಿದ್ದೀರಂತೆ. ನೋವಿಲ್ಲದಿರುವುದೇ ಕೆಟ್ಟದ್ದು. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಕ್ಕೆ ಸ್ಪರ್ಶ ತಿಳಿಯುವುದಿಲ್ಲ, ರಕ್ತ ಸರಿಯಾಗಿ ಓಡುವುದಿಲ್ಲ, ಗಾಯ ಒಳಗೊಳಗೇ ಇಳಿಯುತ್ತದೆ. ದೊಡ್ಡಪ್ಪನೂ ನೋವಿಲ್ಲವೆಂದೇ ಹೇಳುತ್ತಿದ್ದರಲ್ಲ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದ್ದು ಸಾಕು, ಇನ್ನು ಬೇಡ. ಬಿಸಿ ನೀರಿನಲ್ಲಿ ಕಾಲಿಡುವುದಂತೂ ಬೇಡವೇ ಬೇಡ, ಸುಟ್ಟರೂ ನಿಮಗೆ ತಿಳಿಯುವುದಿಲ್ಲ. ಗಂಬೂಟನ್ನು ಅಮ್ಮ ಅಟ್ಟಕ್ಕೆ ಹಾಕಲಿ. ಹಾಗೆಂದು ಬರಿಗಾಲಿನಲ್ಲಿ ತೋಟಕ್ಕೆ ಇಳಿದೀರಿ, ಅದೂ ಕೂಡದು.

ನಾಳೆ ಸೋಮವಾರ. ಪುಟ್ಟ ಬೆಳಿಗ್ಗೆಯೇ ಜೀಪಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋಗುತ್ತಾನೆ, ಸರ್ಜನ್‌ಗೆ ತೋರಿಸಿ. ಮೈಸೂರಿಗೆ ಹೋಗಿ ಎಂದರೆ ಅಲ್ಲಿಂದಲೇ ಹೊರಡಿ, ‘ಮನೆಗೆ ಹೋಗಿ ಬಟ್ಟೆ ತರುತ್ತೇನೆ’ ಎಂಬ ನೆಪ ಬೇಡ, ಅಮ್ಮ ಚೀಲ ಕಟ್ಟಿಯೇ ಕಳಿಸಲಿ. ಕೊಯ್ಲನ್ನು ತೋಟದ ಲೆಕ್ಕದ ರೈಟರ್ ನೋಡಿಕೊಳ್ಳುತ್ತಾರೆ. ಕಣದ ಕಾಫಿಗೆ ಮಳೆ ಬಂದರೆ ಟಾರ್ಪಾಲು ಮುಚ್ಚಲು ಅಜ್ಜಿಯೊಬ್ಬಳ ಕೂಗು ಸಾಕು. ಹಣದ ಮಾತೆತ್ತಬೇಡಿ, ಇವರು ಪುಟ್ಟನ ಖಾತೆಗೆ ಹಾಕಿದ್ದಾರೆ. ‘ಅಳಿಯನ ದುಡ್ಡು’ ಎಂದು ಮುಖ ಗಂಟಿಕ್ಕಿದರೆ ಮೆಣಸು ಮಾರಿದ ಮೇಲೆ ಬಡ್ಡಿ ಸಮೇತ ಕೊಡಿ, ನಾನೇ ಇಸಿದುಕೊಳ್ಳುತ್ತೇನೆ.

ನಮ್ಮ ಬಗ್ಗೆ ಯಾವ ಯೋಚನೆಯೂ ಬೇಡ. ಕಾಯಿಸಿದ ನೀರೇ ಕುಡಿಯುತ್ತಿದ್ದೇವೆ. ಇಲ್ಲಿ ಮಡಿಕೇರಿಗಿಂತ ಹೆಚ್ಚು ಚಳಿ, ಸ್ವೆಟರ್ ಹಾಕಿದ್ದೇನೆ, ಅದರ ಮೇಲೆ ಇವರದ್ದೂ ಹಾಕಿದ್ದೇನೆ. ಇವರಿಗೆ ಸ್ವಲ್ಪ ನೆಗಡಿ, ಜ್ವರವಲ್ಲ, ಬರೀ ನೆಗಡಿ. ಇನ್ನು ದೆಮೋದರದ ಒಂಬತ್ತು ಕಮಾನಿನ ರೈಲು ಸೇತುವೆ, ಆಮೇಲೆ ಗಾಲ್ ಕೋಟೆ, ಸಮುದ್ರ. ಸಮುದ್ರಕ್ಕೆ ಮೊಣಕಾಲಿಗಿಂತ ಆಳಕ್ಕೆ ಇಳಿಯುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟಾಗಿದೆ. ಡಾಕ್ಟರು ‘ಬೇಗ ಬರಲಿ’ ಎಂದರೆ ಗಾಲ್ ಬಿಟ್ಟು ನೇರ ಬರುತ್ತೇವೆ, ಟಿಕೆಟ್ ಬದಲಿಸಬಹುದು, ವಿಚಾರಿಸಿದ್ದೇನೆ.

ಮೊಬೈಲಿನ ಚಾರ್ಜು ಮುಗಿಯುತ್ತಿದೆ, ಫೋಟೋ ಈಗಲೇ ತೆಗೆದು ಕಳಿಸಬೇಕು. ಅಜ್ಜಿಗೆ ನಮಸ್ಕಾರ. ಇವರೂ ನಮಸ್ಕಾರ ಹೇಳಿದ್ದಾರೆ. ಪುಟ್ಟಾ, ಓದಿದವನು ಜೀಪಿಗೆ ಡೀಸೆಲ್ ಇದೆಯೋ ನೋಡು.

ನಿಮ್ಮ ಮಗಳು

ಮರೆತೆ: ಸಕ್ಕರೆಯ ಹಳೆಯ ಚೀಟಿಗಳೆಲ್ಲ ಬೀರುವಿನ ಕೆಳಗಿನ ಖಾನೆಯಲ್ಲಿ, ಕಾಫಿ ಬೋರ್ಡಿನ ಫೈಲಿನ ಒಳಗಿವೆ. ತಪ್ಪದೆ ಒಯ್ಯಿರಿ.