ಮರಿಯೆನ್‌ಬಾದ್‌ನಲ್ಲಿ ಜಲಬಾಧೆ: ಕುಳ್ಳನಿಗೊಂದು ಪತ್ರ

ಲೋ ಕುಳ್ಳ,

ಇದನ್ನು ವಾಟ್ಸಾಪ್‌ನಲ್ಲೇ ಕಳಿಸಬಹುದಿತ್ತು. ಆದರೆ ನೀನು ನೀಲಿ ಗೀಟು ಬಿದ್ದ ಮೇಲೂ ವಾರಗಟ್ಟಲೆ ಸುಮ್ಮನಿರುವ ಗಿರಾಕಿ. ನಾಲ್ಕು ಜನರ ಎದುರು ಬರೆದರೆ ಮರ್ಯಾದೆಗೆ ಅಂಜಿಯಾದರೂ ಓದುತ್ತೀಯ ಅಂತ ಇಲ್ಲಿ ಬರೆಯುತ್ತಿದ್ದೇನೆ. ಉಳಿದವರೂ ಓದಿ, ಪರವಾಗಿಲ್ಲ. ಊಟ ಮಾಡುತ್ತಾ ಓದಬೇಡಿ, ಅಷ್ಟೇ.

ಮಗಳು ಪ್ರಾಗ್‌ನಲ್ಲಿರುವುದು ನಿನಗೆ ಗೊತ್ತಲ್ಲ. ನಾವು ಗಂಡ ಹೆಂಡತಿ ಅಲ್ಲಿಗೆ ಹೋದಾಗ, "ಪ್ರಾಗ್ ಎಲ್ಲರೂ ನೋಡ್ತಾರೆ ಅಪ್ಪಾ, ನಿಮ್ಮನ್ನ ನೀರು ಕುಡಿಯೋ ಊರಿಗೆ ಕರ್ಕೊಂಡು ಹೋಗ್ತೀನಿ" ಅಂದಳು. ಬಿಯರ್ ಕುಡಿಯೋ ಊರು ಅಂದಿದ್ದರೆ ನೀನಾದರೂ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ನೀರು ಅಂದ ತಕ್ಷಣ ನನಗೆ ಒಳಗೊಳಗೇ ಪುಕುಪುಕು ಶುರುವಾಯಿತು. ಮೇಲೆ ಮಾತ್ರ "ಓ, ಭೇಷ್" ಅಂದೆ.

ಊರಿನ ಹೆಸರು ಚೆಕ್ ಭಾಷೆಯಲ್ಲಿ ಮರಿಯಾನ್ಸ್‌ಕೆ ಲಾಜ್ನೆ, ಜರ್ಮನ್ನರ ಬಾಯಲ್ಲಿ ಮರಿಯೆನ್‌ಬಾದ್. ಪ್ರಾಗ್‌ನಿಂದ ಪಿಲ್ಸೆನ್ ಮೇಲೆ ಹೋಗುವ ರೈಲು. ಸುತ್ತ ಕಾಡು, ನಡುವೆ ಹಳದಿ ಬಿಳಿ ಬಣ್ಣದ ಹಳೇ ಹೋಟೆಲ್‌ಗಳು, ತುಂಬ ಮರಗಳಿರುವ ಉದ್ಯಾನಗಳು. ಜನಸಂಖ್ಯೆ ನಮ್ಮ ಕಡೆಯ ಒಂದು ಹೋಬಳಿ ಊರಿನಷ್ಟು ಇರಬಹುದು. ಆದರೆ ಊರೊಳಗೇ ಸುಮಾರು 40 ಚಿಲುಮೆಗಳಿವೆ. ಪಕ್ಕದ ಕಾರ್ಲೋವಿ ವಾರಿಯಲ್ಲಿ ಸುಡುವ ನೀರು ಚಿಮ್ಮುತ್ತದೆ, ಇಲ್ಲಿನದು ತಣ್ಣೀರು. 2021ರಲ್ಲಿ ಯುನೆಸ್ಕೊದವರು ಯುರೋಪಿನ 11 ನೀರಿನ ಊರುಗಳನ್ನು ಒಟ್ಟಿಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರಲ್ಲ, ಅದರಲ್ಲಿ ಇದೂ ಒಂದು.

ಇಲ್ಲಿಯ ಕ್ರಮ ಕೇಳು. ಮೊದಲು ಒಂದು ಪಿಂಗಾಣಿ ಕಪ್ ಕೊಳ್ಳಬೇಕು. ಚಪ್ಪಟೆ ಕಪ್. ಅದರ ಹಿಡಿಯೇ ಟೊಳ್ಳು, ಹಿಡಿಯ ತುದಿಯಲ್ಲಿ ತೂತು. ಕಪ್ಪಿನ ಅಂಚಿಗೆ ಬಾಯಿಡುವ ಹಾಗಿಲ್ಲ, ಹಿಡಿಯಿಂದಲೇ ಹೀರಬೇಕು. ನಲ್ಲಿಯಿಂದ ತುಂಬಿಸಿಕೊಂಡು, ಗುಟುಕು ಗುಟುಕಾಗಿ ಕುಡಿಯುತ್ತಾ, ಮೆಲ್ಲಗೆ ನಡೆಯಬೇಕು. ಗಟಗಟ ಕುಡಿದರೆ ಗುಣವಿಲ್ಲವಂತೆ. ಯಾವ ಕಾಯಿಲೆಗೆ ಯಾವ ಚಿಲುಮೆ, ಎಷ್ಟು ಹೊತ್ತಿಗೆ ಅಂತ ಡಾಕ್ಟರೇ ಬರೆದುಕೊಡುತ್ತಾರೆ. ರುಚಿ? ಕಬ್ಬಿಣದ ಮೊಳೆಯನ್ನು ಸೋಡಾದಲ್ಲಿ ನೆನೆಹಾಕಿ ಒಂದು ಚಿಟಿಕೆ ಉಪ್ಪು ಹಾಕಿಕೋ. ನಲ್ಲಿಯ ಕೆಳಗಿನ ಕಲ್ಲು ಕೆಂಪಗೆ ತುಕ್ಕು ಬಣ್ಣಕ್ಕೆ ತಿರುಗಿದೆ. ಇವಳು ಒಂದು ಗುಟುಕು ಕುಡಿದು, ಮುಖ ಕಿವುಚಿ, ಮಿಕ್ಕದ್ದನ್ನು ಗಿಡಕ್ಕೆ ಹಾಕಿಬಿಟ್ಟಳು.

ಈಗ ವಿಷಯಕ್ಕೆ ಬರುತ್ತೇನೆ. ಈ ನೀರು ಸುಮ್ನೆ ನೀರಲ್ಲ. ಕ್ರಾಸ್ ಚಿಲುಮೆ, ಫರ್ಡಿನಾಂಡ್ ಚಿಲುಮೆ ಅಂತ ಇವೆ. ಅವುಗಳಲ್ಲಿ ಗ್ಲಾಬರ್ ಉಪ್ಪು ಜಾಸ್ತಿ. ಅದು ಹೊಟ್ಟೆ ಸಡಿಲ ಮಾಡುವ ಉಪ್ಪು. ಇನ್ನು ರುಡಾಲ್ಫ್ ಚಿಲುಮೆಯ ನೀರು ಕಿಡ್ನಿಗೆ, ಮೂತ್ರದ ದಾರಿಗೆ ಒಳ್ಳೆಯದು ಅಂತ ಕೊಡುತ್ತಾರೆ. ಅಂದರೆ ಇಡೀ ಊರು ಬೆಳಗ್ಗೆ ಎದ್ದು, ಒಂದಕ್ಕೋ ಎರಡಕ್ಕೋ ಹೋಗುವಂತೆ ಮಾಡುವ ನೀರು ಕುಡಿದು, ಕೋಟು ಟೋಪಿ ಹಾಕಿಕೊಂಡು, ಬ್ಯಾಂಡಿನ ಸಂಗೀತ ಕೇಳುತ್ತಾ ಗಂಭೀರವಾಗಿ ವಾಕಿಂಗ್ ಮಾಡುತ್ತಿತ್ತು! ನೂರು ವರ್ಷಕ್ಕೂ ಮೇಲೆ! ಬ್ರಿಟಿಷ್ ರಾಜ ಏಳನೇ ಎಡ್ವರ್ಡ್ 1897ರಿಂದ 1909ರ ನಡುವೆ ಹೊಟ್ಟೆ ಕರಗಿಸಲು ಇಲ್ಲಿಗೆ 9 ಸಲ ಬಂದಿದ್ದ. ಬೀದಿಗೆ ಇಳಿದರೆ ನೋಡುವುದಕ್ಕೆ ಜನ ಹಿಂದೆ ಬೀಳುತ್ತಿದ್ದರು. ಪಾಪ, ಆ ನೀರು ಕುಡಿದು, ಹಿಂದೆ ಜನ ಕಟ್ಟಿಕೊಂಡು ನಡೆಯುವುದು ಎಂಥ ಶಿಕ್ಷೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಸ್ಟೇಷನ್ ಊರಿನಿಂದ ಎರಡು ಕಿಲೋಮೀಟರಿಗೂ ದೂರ. 5ನೇ ನಂಬರ್ ಟ್ರಾಲಿ ಬಸ್ ಹತ್ತಬೇಕು. ತಂತಿಗೆ ಕೊಂಡಿ ಹಾಕಿಕೊಂಡು ಓಡುವ ಬಸ್ಸು. ರೈಲಿನಲ್ಲೇ ಒಂದಕ್ಕೆ ಹೋಗಿ ಬಂದಿದ್ದೆ. ಆದರೂ ಬಸ್ಸಿನಿಂದ ಇಳಿದು ಕಾಲೊನೇಡ್ ಹತ್ತಿರ ಬರುವಷ್ಟರಲ್ಲಿ ಮತ್ತೆ ಶುರು. ಕಾಲೊನೇಡ್ ಅಂದರೆ 1889ರಲ್ಲಿ ಎರಕದ ಕಬ್ಬಿಣದಲ್ಲಿ ಕಟ್ಟಿದ ಉದ್ದನೆಯ ಕಮಾನು ಮೊಗಸಾಲೆ, ಮಳೆ ಬಂದರೂ ನೆನೆಯದೆ ನಡೆಯಲಿ ಅಂತ. ಮೇಲೆ ಚಿತ್ರಗಳಿವೆ ಅಂತ ಮಗಳು ತೋರಿಸಿದಳು. ನಾನು ತಲೆ ಎತ್ತಲಿಲ್ಲ. ಡಬ್ಲ್ಯೂಸಿ ಅನ್ನುವ ಎರಡಕ್ಷರದ ಬೋರ್ಡು ಯಾವ ಕಡೆ ಬಾಣ ತೋರಿಸುತ್ತಿದೆ ಅಂತ ಹುಡುಕುತ್ತಿದ್ದೆ.

ಸಿಕ್ಕಿತು. ಬಾಗಿಲಲ್ಲಿ ಕಾಸಿನ ಡಬ್ಬಿ. ಹತ್ತರ ನಾಣ್ಯ ಹಾಕಿದರೆ ಮಾತ್ರ ಗೇಟು ತಿರುಗುತ್ತದೆ. ನನ್ನ ಹತ್ತಿರ ಇದ್ದದ್ದು ಎಟಿಎಂನಿಂದ ಬಂದ 1000 ಕೊರುನಾದ ನೋಟು. ಅಮ್ಮ ಮಗಳು ಆಗಲೇ ಮುಂದೆ ಹೋಗಿ ಮರದ ಕೆಳಗೆ ಫೋಟೊ ತೆಗೆದುಕೊಳ್ಳುತ್ತಿದ್ದಾರೆ. ಕಾವಲಿಗೆ ಯಾರೂ ಇಲ್ಲ. ಇದ್ದಿದ್ದರೂ ನನಗೆ ಚೆಕ್ ಬರುವುದಿಲ್ಲ, ಆದರೆ ನನ್ನ ಮುಖ ಆ ಹೊತ್ತಿಗೆ ಎಲ್ಲ ಭಾಷೆಯಲ್ಲೂ ಮಾತಾಡುತ್ತಿತ್ತು ಬಿಡು. ಚಿಲ್ಲರೆ ಬೇಕು. ಎದುರಿಗೆ ಒಪ್ಲಾಟ್ಕಿ ಮಾರುವ ಗೂಡಂಗಡಿ. ಹಪ್ಪಳದಷ್ಟು ಅಗಲದ ತೆಳ್ಳನೆಯ ಬಿಸ್ಕತ್ತು, ನಡುವೆ ಸಿಹಿ ಪುಡಿ, ಕಾಯಿಸಿ ಕೊಡುತ್ತಾರೆ. ಒಂದು ಕೊಡಿ ಅಂತ ಬೆರಳು ತೋರಿಸಿದೆ. ಆ ಅಮ್ಮ ನಿಧಾನಕ್ಕೆ ಎರಡು ಬಿಸಿ ತಟ್ಟೆಗಳ ನಡುವೆ ಅದನ್ನು ಇಟ್ಟು, ಮುಚ್ಚಿ, ನನ್ನ ಕಡೆ ನೋಡಿ ನಕ್ಕಳು. ನಾನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ ನಕ್ಕೆ. ಪರ್ಸಿನಿಂದ ನೋಟು ತೆಗೆದಾಗ ಜೊತೆಗೆ ಇನ್ನೊಂದು ಮಡಿಸಿದ ಕಾಗದವೂ ಹೊರಗೆ ಬಂತು. ಅದನ್ನು ಬೇಗ ಒಳಗೆ ತುರುಕಿದೆ.

ಆಗಲೇ ಕಾರಂಜಿ ಶುರುವಾಗಬೇಕಾ? ಕಾಲೊನೇಡ್ ಮುಂದೆ ಹಾಡುವ ಕಾರಂಜಿ ಅಂತ ಒಂದಿದೆ, 1986ರದ್ದು. ಬೆಸ ಸಂಖ್ಯೆಯ ಗಂಟೆಗೆ ಸರಿಯಾಗಿ ಸಂಗೀತ ಹಾಕುತ್ತದೆ, ಅದಕ್ಕೆ ತಕ್ಕಂತೆ ನೀರು ಕುಣಿಯುತ್ತದೆ. ಚುಯ್ಯ್ ಅಂತ ಮೇಲೇರುತ್ತದೆ, ಜುಳುಜುಳು ಇಳಿಯುತ್ತದೆ, ತೊಟ್ಟಿಕ್ಕುತ್ತದೆ, ಮತ್ತೆ ಚುಯ್ಯ್. ಸುತ್ತ ಜನ ಗುಂಪು ಕಟ್ಟಿ ನನ್ನ ದಾರಿ ಮುಚ್ಚಿದರು. ಕುಳ್ಳ, ನಾನು ಜೀವನದಲ್ಲಿ ಎಷ್ಟೋ ಸಂಗೀತ ಕಛೇರಿ ಕೇಳಿದ್ದೇನೆ. ಇಷ್ಟು ಮೈಯೆಲ್ಲ ಕಿವಿಯಾಗಿ ಯಾವುದನ್ನೂ ಕೇಳಿರಲಿಲ್ಲ. ಶಿರಸಿ ಬಸ್ಸಿನ ಛತ್ರಿ ನೆನಪಾಯಿತು. ಅಷ್ಟೇ ಹೇಳುತ್ತೇನೆ, ಮುಂದೆ ಹೇಳುವುದಿಲ್ಲ, ಇಲ್ಲಿ ಹೆಂಗಸರೂ ಓದುತ್ತಾರೆ.

ಬಿಸ್ಕತ್ತನ್ನು ಬಾಯಲ್ಲಿ ಕಚ್ಚಿಕೊಂಡು, ಚಿಲ್ಲರೆ ಮುಷ್ಟಿಯಲ್ಲಿ ಹಿಡಿದು ಓಡಿದೆ. ಮಾನ ಉಳಿಯಿತು.

ವಾಪಸ್ ಬಂದು ಇವಳಿಗೆ ಈ ಸಾಹಸ ಹೇಳಿದೆ. ಅವಳು ತನ್ನ ವ್ಯಾನಿಟಿ ಬ್ಯಾಗಿನ ಪಕ್ಕದ ಜೇಬು ತೆಗೆದು ತೋರಿಸಿದಳು. ಹತ್ತರ ನಾಣ್ಯಗಳ ಒಂದು ಸಣ್ಣ ಗಂಟು. ಪ್ರಾಗ್‌ನಲ್ಲಿ ಇಳಿದ ದಿನದಿಂದ ಕೂಡಿಡುತ್ತಿದ್ದಾಳೆ. "ಯಾಕೆ ಹೇಳಲಿಲ್ಲ?" ಅಂದೆ. "ನೀವು ಕೇಳಲಿಲ್ಲ. ಬೆಳಗ್ಗೆ ಕಾಫಿ ಬಿಟ್ಟರೆ ನಾನು ಏನೂ ಕುಡಿದಿಲ್ಲ ಅಂತ ಗಮನಿಸಿದ್ರಾ? ಮದುವೆಯಾದಾಗಿಂದ ಹೀಗೇ ಪ್ರಯಾಣ ಮಾಡ್ತಿರೋದು" ಅಂದಳು. ಕೋಪವಿಲ್ಲ, ಏನಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದಳು. ನಿಜ ಕಣೋ. ನಾವು ಗೋಡೆ ಕಂಡಲ್ಲಿ ನಿಂತ ಜಾತಿ. ಗೋಡೆಗೆ ದೇವರ ಟೈಲ್ಸ್ ಅಂಟಿಸಿದರೆ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ನಿಂತೆವು. ಎಷ್ಟೋ ಬಸ್ ಸ್ಟ್ಯಾಂಡಿನಲ್ಲಿ ನಮಗೆ ಪುಕ್ಕಟೆ, ಹೆಂಗಸರ ಹತ್ತಿರ ಕಾಸು. ಆ ಧರ್ಮಸ್ಥಳದ ಟ್ರಿಪ್ಪಿನಲ್ಲಿ ನಮ್ಮಿಬ್ಬರ ಹೆಂಡತಿಯರು ದಾರಿಯುದ್ದಕ್ಕೂ "ಬಾಯಾರಿಕೆ ಇಲ್ಲ, ಬೇಡ" ಅಂದದ್ದನ್ನು ನಾವು ನಂಬಿ, ಅವರ ಎಳನೀರನ್ನೂ ನಾವೇ ಕುಡಿದೆವು.

ಮಧ್ಯಾಹ್ನ ಊರಿನ ಮ್ಯೂಸಿಯಂ ಕಡೆ ಹೋದೆವು. ಜರ್ಮನ್ ಕವಿ ಗಯಟೆ 1823ರಲ್ಲಿ ತಂಗಿದ್ದ ಮನೆ ಅದು. ಅವನಿಗೆ ಆಗ 73 ದಾಟಿತ್ತು. ಇಲ್ಲಿ ಉಲ್ರಿಕೆ ಅನ್ನುವ 19ರ ಹುಡುಗಿಯ ಮೇಲೆ ಮನಸ್ಸಾಗಿ, ಒಬ್ಬ ದೊರೆಯನ್ನೇ ಮಧ್ಯಸ್ಥನನ್ನಾಗಿ ಮಾಡಿ ಹೆಣ್ಣು ಕೇಳಿಸಿದ. ಕೊಡಲಿಲ್ಲ. ಮನಸ್ಸು ಮುರಿದು ಊರಿಗೆ ವಾಪಸ್ ಹೋಗುವಾಗ ಕುದುರೆ ಗಾಡಿಯಲ್ಲೇ ಕೂತು ದೊಡ್ಡ ಶೋಕದ ಪದ್ಯ ಬರೆದ. ಮಗಳು ಇದನ್ನೆಲ್ಲ ಕಣ್ಣರಳಿಸಿ ಹೇಳುತ್ತಿದ್ದರೆ, ನನಗೆ ಬಂದ ಯೋಚನೆ ಒಂದೇ. 73 ದಾಟಿದ ಗಂಡಸು, ವೈಮಾರ್‌ವರೆಗೆ ಕುಲುಕುವ ಗಾಡಿ. ಆ ಗಾಡಿ ದಾರಿಯಲ್ಲಿ ಎಷ್ಟು ಕಡೆ ನಿಂತಿರಬೇಕು? ಇದನ್ನು ಯಾವ ಸಾಹಿತ್ಯ ವಿಮರ್ಶಕನೂ ಕೇಳಿದ ಹಾಗಿಲ್ಲ.

ಅಲ್ಲಿಂದ ಹೊರಗೆ ಬಂದು ಬೀದಿಯಲ್ಲಿ ನಡೆಯುವಾಗ ಮತ್ತೆ. ಕಾಫಿ ಅಂಗಡಿಗೆ ಹೋಗಬಹುದು, ಆದರೆ ಒಳಗೆ ಹೋಗಬೇಕಾದರೆ ಕಾಫಿ ಕುಡಿಯಬೇಕು, ಕಾಫಿ ಕುಡಿದರೆ ಮುಂದಿನ ಕಾಫಿ ಅಂಗಡಿ ಹುಡುಕಬೇಕು. ಇದಕ್ಕೆ ಕೊನೆಯಿಲ್ಲ. ಆಗ ಒಂದು ದೊಡ್ಡ ಹಳೇ ಹೋಟೆಲ್ ಕಾಣಿಸಿತು. ನೀನೇ ಕಲಿಸಿದ ವಿದ್ಯೆ: ದೊಡ್ಡ ಹೋಟೆಲಿಗೆ ನುಗ್ಗಬೇಕಾದರೆ ಎದೆ ಮುಂದೆ ಮಾಡು, ಫೋನು ಕಿವಿಗೆ ಹಿಡಿ, ಯಾರ ಮುಖವನ್ನೂ ನೋಡಬೇಡ. ಕಿವಿಗೆ ಫೋನು ಹಿಡಿದು, "ಹಾಂ ಕುಳ್ಳ, ಹೇಳಪ್ಪಾ" ಅಂತ ಜೋರಾಗಿ ಕನ್ನಡದಲ್ಲಿ ಮಾತಾಡುತ್ತಾ ಕಂಬಳಿಯಂಥ ನೆಲಹಾಸಿನ ಮೇಲೆ ನಡೆದೆ. ಕೌಂಟರಿನ ಹುಡುಗ ತಲೆ ಬಾಗಿಸಿದ. ನಾನೂ ಬಾಗಿಸಿದೆ. ಉದ್ದದ ಪಡಸಾಲೆ. ಮಾತು ನಿಲ್ಲಿಸಿದರೆ ಅನುಮಾನ ಬರುತ್ತದಲ್ಲ, ಏನಾದರೂ ಮಾತಾಡುತ್ತಲೇ ಇರಬೇಕು. "ಹೂಂ, ಮಳೆ ಹೇಗೆ, ಅಡಿಕೆ ರೇಟ್ ಎಷ್ಟು" ಅಂತ ಏನೇನೋ ಅಂದೆ. ಆಮೇಲೆ, ಯಾಕೋ ಗೊತ್ತಿಲ್ಲ, "ಡಾಕ್ಟರು ಚೀಟಿ ಬರೆದುಕೊಟ್ಟು ತಿಂಗಳುಗಳಾಯ್ತು ಕಣೋ, ನಾನು ಟೆಸ್ಟ್ ಮಾಡಿಸಿಲ್ಲ" ಅಂದೆ. "ಹೆದರಿಕೆ" ಅಂತಲೂ ಅಂದೆ.

ಫೋನಿನಲ್ಲಿ ನೀನಿರಲಿಲ್ಲ. ಸ್ಕ್ರೀನು ಆರಿತ್ತು.

ಪರ್ಸಿನಿಂದ ಜಾರಿದ ಕಾಗದ ಅದೇ. ಸ್ಕ್ಯಾನ್ ಮತ್ತು ಪಿಎಸ್‌ಎ ಅನ್ನುವ, ಪ್ರಾಸ್ಟೇಟ್‌ಗೆ ಸಂಬಂಧಿಸಿದ ರಕ್ತಪರೀಕ್ಷೆ. ಮಡಿಸಿ ಮಡಿಸಿ ಮಡಿಕೆಯ ಗೆರೆ ಹರಿಯುವುದಕ್ಕೆ ಬಂದಿದೆ. ಪ್ರಾಸ್ಟೇಟ್ ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ, ಅದು ದಪ್ಪವಾಗುವುದು ಐವತ್ತು ದಾಟಿದವರಿಗೆ ಮಾಮೂಲು, ಬಹಳಷ್ಟು ಸಲ ಅದು ಕ್ಯಾನ್ಸರ್ ಅಲ್ಲವೇ ಅಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದ್ದರು. ಸುಮ್ನೆ ಖಾತ್ರಿ ಮಾಡಿಕೊಳ್ಳೋಣ ಅಂದರು. ಆ "ಸುಮ್ನೆ"ಯೇ ನನ್ನನ್ನು ಹಿಡಿದುಕೊಂಡಿದೆ. ಇವಳಿಗೆ ಚಳಿಗೆ ಹೀಗಾಗುತ್ತೆ ಅಂದಿದ್ದೇನೆ. ಏಪ್ರಿಲ್‌ನಲ್ಲಿ, ಬೆಂಗಳೂರಿನಲ್ಲಿ, ಚಳಿ! ಬಸ್ಸಿನಲ್ಲಿ ಓಡಾಡುವ ದಾರಿಯ ಪಕ್ಕದ ಸೀಟೇ ಬೇಕು. ಮಾಲಿಗೆ ಹೋದರೆ ಮೊದಲು ನೋಡುವುದು ಶೌಚಾಲಯ ಯಾವ ಮಹಡಿ ಅಂತ. ನೀನು ಕುದುರೆಮುಖಕ್ಕೆ ಕರೆದಾಗ ಮಂಡಿ ನೋವು ಅಂದೆ. ಮಂಡಿ ಗಟ್ಟಿಯಾಗಿದೆ. ಹೊರಡುವ ಮುಂಚೆ ನೀರು ಕುಡಿಯುವುದನ್ನು ಬಿಟ್ಟಿದ್ದೇನೆ. ನೀರು ಕಡಿಮೆ ಮಾಡಿದರೆ ಮೂತ್ರ ಗಟ್ಟಿಯಾಗಿ ಉರಿ ಇನ್ನೂ ಜಾಸ್ತಿ, ಅದೂ ಡಾಕ್ಟರು ಹೇಳಿದ್ದಾರೆ. ನಿದ್ದೆ ಬಾರದ ರಾತ್ರಿ ಎದ್ದು ಹೋಗಿ ಬಂದು, ಮಂಚದ ತುದಿಯಲ್ಲಿ ಕೂತು, ಇವಳ ಉಸಿರು ಕೇಳುತ್ತಾ ಲೆಕ್ಕ ಹಾಕುತ್ತೇನೆ, ಎಲ್ಐಸಿ ಎಷ್ಟು, ಮನೆ ಸಾಲ ಎಷ್ಟು ಉಳಿದಿದೆ ಅಂತ.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ ಮಾರಾಯ. ಒಂದು ತಮಾಷೆ ಬರೆದು ನಿನ್ನ ಕಾಲೆಳೆಯೋಣ ಅಂತ ಕೂತವನು. ಆ ಹೋಟೆಲಿನ ಪಿಂಗಾಣಿ ಎದುರು ನಿಂತಾಗ ಒಳ್ಳೆ ಇತ್ತು, ಮೂಗಿನ ಮಟ್ಟಕ್ಕೆ ಬಿಳಿ ಟೈಲು, ಒಂದು ಬಿರುಕು, ಬಿರುಕಿನಲ್ಲಿ ಹಳೇ ಸಿಮೆಂಟು. ಅದನ್ನೇ ನೋಡುತ್ತಾ ನಿಂತೆ. ಬರುವಾಗ ಅಷ್ಟು ಅವಸರ ಮಾಡಿದ್ದು ಎದುರಿಗೆ ನಿಂತರೆ ಬರಲ್ಲ ಅನ್ನುತ್ತದೆ. ಹೊರಗೆ ಬಂದಾಗ ಕೌಂಟರಿನ ಹುಡುಗ ಮತ್ತೆ ತಲೆ ಬಾಗಿಸಿದ. ಈ ಸಲ ಫೋನು ಹಿಡಿಯುವುದನ್ನೂ ಮರೆತಿದ್ದೆ.

ಸರಿ, ಈಗ ಉಳಿದವರಿಗೆ ಒಂದು ಮನವಿ. ಕುಂಬಳಕಾಯಿ ಬೀಜ, ಬಾರ್ಲಿ ನೀರು, ಯಾವುದೋ ಆಶ್ರಮದ ಲೇಹ್ಯ ಅಂತ ದಯವಿಟ್ಟು ಕಳಿಸಬೇಡಿ. ನಮ್ಮ ಕುಳ್ಳನೇ ಸಾಕು, ಅವನ ಹತ್ತಿರ ಎಲ್ಲದಕ್ಕೂ ಜೀರಿಗೆ ಕಷಾಯ ಇದೆ. ಆ ಕಡೆ ಹೋಗುವವರಿದ್ದರೆ ಹತ್ತರ ನಾಣ್ಯ ಇಟ್ಟುಕೊಳ್ಳಿ, ರೈಲಿನಲ್ಲಿದ್ದಾಗಲೇ ಒಂದು ಸಲ ಹೋಗಿ ಬನ್ನಿ, ಕಾರಂಜಿಯ ಹೊತ್ತಿಗೆ ದೂರ ಇರಿ.

ಕುಳ್ಳ, ಪಿಎಸ್‌ಎಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲವಂತೆ. ಬರುವ ಶನಿವಾರ ಲ್ಯಾಬಿಗೆ ಹೋಗುತ್ತೇನೆ, ನೀನೂ ಬಾ. ಮೊದಲು ದೋಸೆ, ಆಮೇಲೆ ಸೂಜಿ. ಹಾಗೆ ಈ ನೆಪದಲ್ಲಿ ನಿನ್ನದನ್ನೂ ಮಾಡಿಸಿಬಿಡೋಣ, ಮೊನ್ನೆ ನಾಮಕರಣದಲ್ಲಿ ಊಟದ ಪಂಕ್ತಿಯಿಂದ ನೀನು ಎಷ್ಟು ಸಲ ಎದ್ದು ಹೋದೆ ಅಂತ ನಾನೂ ನೋಡಿದ್ದೇನೆ. "ಕೈ ತೊಳೆಯೋಕೆ" ಅಂತೆ. ಪಾಯಸ ಬಡಿಸುವ ಮುಂಚೆಯೇ ಯಾರಪ್ಪಾ ಕೈ ತೊಳೆಯುತ್ತಾರೆ?

ಇಂತಿ ನಿನ್ನ,
ಮಂಡಿನೋವಿನವನು

ತಾ.ಕ.: ನಿನಗೂ ಒಂದು ಹಿಡಿಯಲ್ಲಿ ತೂತಿರುವ ಕಪ್ ತಂದಿದ್ದೇನೆ. ಅದರಲ್ಲಿ ಬಿಸಿ ಕಾಫಿ ಹೀರಬೇಡ. ನಾನು ಹೀರಿ ನೋಡಿದೆ, ತುಟಿ ಇನ್ನೂ ಉರಿಯುತ್ತಿದೆ. ದೋಸೆ ಬಿಲ್ಲು ನಿನ್ನದು.