ಡಬ್ಬದ ಮೇಲಿನ ಡಿಗ್ರಿ ನೋಡಿ ಮಸೆಯುವ ಸಾಧನ ಕೊಳ್ಳಬೇಡಿ

ಸಂಪಾದಕರಿಗೆ ನಮಸ್ಕಾರ,

ಚಾಕು ಮಸೆಯುವ ಗೈಡೆಡ್ ಸಾಧನಗಳ, ಅಂದರೆ ಕಲ್ಲು ಒಂದೇ ಕೋನದಲ್ಲಿ ಓಡಾಡುವಂತೆ ನೋಡಿಕೊಳ್ಳುವ ಸಾಧನಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಪರಿಚಯದ ಭಾಗ ಚೆನ್ನಾಗಿತ್ತು. ಆದರೆ ಯಾವುದನ್ನು ಆರಿಸಬೇಕು ಅನ್ನುವಲ್ಲಿಗೆ ಬಂದಾಗ ಅದು ಎರಡೇ ವಿಷಯ ನೋಡಿತು. ಡಬ್ಬದಲ್ಲಿ ಎಷ್ಟು ಕಲ್ಲು ಬರುತ್ತವೆ, ಯಾವ ಯಾವ ಡಿಗ್ರಿ ಸಿಗುತ್ತವೆ, ಅಷ್ಟೇ. ಇವೆರಡೂ ಕೊಳ್ಳುವವರಿಗೆ ಅಂಥ ಉಪಯೋಗಕ್ಕೆ ಬರುವುದಿಲ್ಲ. ನಿಜವಾಗಿ ನೋಡಬೇಕಾದ್ದು, ಆ ಸಾಧನ ನಿಮ್ಮ ಹತ್ತಿರ ಇರುವ ಚಾಕುವನ್ನು ಹೇಗೆ ಹಿಡಿದುಕೊಳ್ಳುತ್ತದೆ ಅನ್ನುವುದು. ಆಮೇಲೆ, ಕಲ್ಲು ಸವೆದ ಮೇಲೆ ಬೇರೆ ಕಲ್ಲು ಹಾಕಲು ಬರುತ್ತದೋ ಇಲ್ಲವೋ ಅನ್ನುವುದು.

ಮೊದಲು ಡಿಗ್ರಿ, ಅಂದರೆ ಅಲಗಿಗೆ ಕಲ್ಲು ತಾಗುವ ಕೋನ. ಲ್ಯಾನ್ಸ್ಕಿ ಕಂಪನಿಯ ಸಾಧನದ ಕ್ಲಾಂಪಿನಲ್ಲಿ, ಅಂದರೆ ಅಲಗನ್ನು ಕಚ್ಚಿ ಹಿಡಿಯುವ ಭಾಗದಲ್ಲಿ, 17, 20, 25, 30 ಅಂತ ನಾಲ್ಕು ತೂತುಗಳಿರುತ್ತವೆ. ಕಲ್ಲಿಗೆ ಸಿಕ್ಕಿಸಿದ ರಾಡನ್ನು ಬೇಕಾದ ತೂತಿಗೆ ತೂರಿಸಿ ಮಸೆಯುವುದು. ಇದೇ ಜಾತಿಯ ಸಾಧನಗಳು ಇನ್ನೂ ಎಷ್ಟೋ ಇವೆ. ಆದರೆ ತೂತು ಗಟ್ಟಿ ಮಾಡುವುದು ಎತ್ತರವನ್ನು, ಕೋನವನ್ನಲ್ಲ. ಕೋನ ಎಷ್ಟು ಬರುತ್ತದೆ ಅನ್ನುವುದು ಚಾಕುವಿನ ಅಂಚು ಆ ತೂತಿನಿಂದ ಎಷ್ಟು ದೂರ ಇದೆ ಅನ್ನುವುದರ ಮೇಲೆ ನಿಂತಿದೆ. ಅಂಚು 10 ಸೆಂಟಿಮೀಟರ್ ದೂರ ಇದ್ದಾಗ 20 ಡಿಗ್ರಿ ಬರುತ್ತದೆ ಅಂದುಕೊಳ್ಳಿ. ಈಗ ಅದೇ ತೂತಿಗೆ ಅಗಲವಾದ ಅಲಗಿನ ಚಾಕು ಹಾಕಿದಿರಿ, ಅಂಚು 13 ಸೆಂಟಿಮೀಟರ್ ದೂರಕ್ಕೆ ಹೋಯಿತು. ಕೋನ 16 ಡಿಗ್ರಿಗಿಂತಲೂ ಕೆಳಗೆ ಇಳಿಯುತ್ತದೆ. ಶಾಲೆಯಲ್ಲಿ ಕಲಿತ ಟ್ಯಾನ್ ಲೆಕ್ಕ ಹಾಕಿದರೆ ಯಾರಿಗಾದರೂ ಸಿಗುತ್ತದೆ. ಕಲ್ಲಿನ ದಪ್ಪವೂ ಹೀಗೆಯೇ ಆಟ ಆಡಿಸುತ್ತದೆ. 10 ಸೆಂಟಿಮೀಟರ್ ದೂರದಲ್ಲಿ ಕಲ್ಲು 1 ಮಿಲಿಮೀಟರ್ ದಪ್ಪ ಜಾಸ್ತಿಯಾದರೂ ಕೋನ ಅರ್ಧ ಡಿಗ್ರಿಗೂ ಮೇಲೆ ಬದಲಾಗುತ್ತದೆ. ಒರಟು ಕಲ್ಲು ಮುಗಿಸಿ ನಯವಾದ ಕಲ್ಲಿಗೆ ಹೋದಾಗ ಅದು ಅಂಚಿಗೆ ತಾಗದೆ ಮೇಲೆಲ್ಲೋ ಉಜ್ಜುತ್ತಾ ಕೂರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಇನ್ನೊಂದು ಗೊಂದಲ ಇದೆ. ಕೆಲವರು ಒಂದು ಬದಿಯ ಕೋನ ಹೇಳುತ್ತಾರೆ, ಕೆಲವರು ಎರಡೂ ಬದಿ ಸೇರಿಸಿ ಹೇಳುತ್ತಾರೆ. ಕಲ್ಲಿನ ರಾಡುಗಳನ್ನು V ಆಕಾರದಲ್ಲಿ ನಿಲ್ಲಿಸಿ ಮಸೆಯುವ ಸ್ಪೈಡರ್ಕೋ ಶಾರ್ಪ್‌ಮೇಕರ್‌ನಲ್ಲಿ 30 ಮತ್ತು 40 ಅನ್ನುವುದು ಎರಡೂ ಬದಿಯ ಒಟ್ಟು ಲೆಕ್ಕ. ಅಂದರೆ ಬದಿಗೆ 15, 20. ಲ್ಯಾನ್ಸ್ಕಿಯ 30 ಒಂದೇ ಬದಿಯ ಲೆಕ್ಕ. ಎರಡನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ಪೂರ್ತಿ ತಲೆಕೆಳಗು.

ಹಾಗಂತ ಕೋನವೇ ಮುಖ್ಯ ಅಲ್ಲ ಅಂತಲ್ಲ. ಆದರೆ 19 ಬಂತೋ 21 ಬಂತೋ ಚಾಕುವಿಗೆ ಗೊತ್ತೇ ಆಗುವುದಿಲ್ಲ. ಪ್ರತಿ ಸಲ ಅದೇ ಕೋನ ಮತ್ತೆ ಬರಬೇಕು, ಅದು ಮುಖ್ಯ. ಬಂದರೆ ಮುಂದಿನ ಸಲ ನಾಲ್ಕು ಸಲ ಉಜ್ಜಿದರೆ ಸಾಕು, ಬರದಿದ್ದರೆ ಪ್ರತಿ ಸಲವೂ ಹೊಸ ಅಂಚು ಕಡೆಯುತ್ತಾ ಅಲಗನ್ನು ಸುಮ್ನೆ ತಿಂದು ಹಾಕುತ್ತೀರಿ. ಅದಕ್ಕೆ ಕ್ಲಾಂಪ್ ಹಿಡಿದ ಜಾಗಕ್ಕೆ ಒಂದು ಗುರುತು, ಅಂಚಿನ ಮೇಲೆ ಮಾರ್ಕರ್ ಪೆನ್ನಿನ ಮಸಿ, ಇಷ್ಟಿದ್ದರೆ ಆಯಿತು. ಒಂದೆರಡು ಸಲ ಉಜ್ಜಿ ಮಸಿ ಎಲ್ಲಿ ಹೋಗಿದೆ ನೋಡಿ. ಅಂಚಿನ ತುದಿಯವರೆಗೂ ಹೋಗಿದ್ದರೆ ಕೋನ ಸರಿ ಇದೆ. ಅಂಚು ಬಿಟ್ಟು ಬೆನ್ನಿನ ಕಡೆಗೆ ಮಾತ್ರ ಹೋಗಿದ್ದರೆ ಕೋನ ಹೆಚ್ಚಿಸಬೇಕು.

ಚಾಕುವಿನ ತುದಿಯ ಹತ್ತಿರ ಕೋನ ಕೆಡುತ್ತದೆ ಅಂತ ನಿಮ್ಮ ಬರಹದಲ್ಲಿ ಒಂದು ಸಾಲು ಇತ್ತು, ಆದರೆ ಯಾಕೆ ಅಂತ ಹೇಳಲಿಲ್ಲ. ರಾಡ್ ಒಂದೇ ಬಿಂದುವಿನಲ್ಲಿ ತಿರುಗುವ ಸಾಧನದಲ್ಲಿ, ಅಂಚು ನೇರವಾಗಿರುವಷ್ಟು ಉದ್ದಕ್ಕೂ ಕೋನ ಬದಲಾಗುವುದೇ ಇಲ್ಲ. ಕ್ಲಾಂಪಿನಿಂದ ದೂರ ಹೋದಷ್ಟೂ ಕೋನ ಇಳಿಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಒಂದು ನೇರ ಗೆರೆ, ಅದರ ಹೊರಗೆ ಒಂದು ಬಿಂದು, ಇವೆರಡರ ಮೂಲಕ ಹಾದುಹೋಗುವ ಸಮತಲ ಒಂದೇ ಒಂದು. ಕಲ್ಲು ಆ ಸಮತಲದಲ್ಲೇ ಓಡಾಡುತ್ತದೆ. ಕೋನ ಬದಲಾಗುವುದು ಅಂಚು ಬಾಗಲು ಶುರುವಾದ ಮೇಲೆ. ಕ್ಲಾಂಪನ್ನು ಹಿಡಿಕೆಯ ಕಡೆಗೆ ಹಾಕಿದರೆ ತುದಿಯಲ್ಲಿ ಕೋನ ಇಳಿದು ಮಸೆದ ಪಟ್ಟಿ ಅಗಲವಾಗುತ್ತದೆ, ತೀರಾ ತುದಿಯ ಕಡೆಗೆ ಹಾಕಿದರೆ ಕೋನ ಏರಿ ಪಟ್ಟಿ ಕಿರಿದಾಗುತ್ತದೆ. ನಡುವೆ ಎಲ್ಲೋ ಒಂದು ಜಾಗದಲ್ಲಿ ಎರಡೂ ಸಮ. ಅದನ್ನು ಮಾರ್ಕರ್ ಮಸಿ ಹಾಕಿ ಹುಡುಕಿಕೊಳ್ಳಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ಕ್ಲಾಂಪನ್ನು ಅಲಗಿನ ಮೇಲೆ ಬೇಕಾದಲ್ಲಿ ಕೂರಿಸಲು ಬರುತ್ತದೋ ಇಲ್ಲವೋ ಅನ್ನುವುದು ಡಿಗ್ರಿ ಪಟ್ಟಿಗಿಂತ ದೊಡ್ಡ ಪ್ರಶ್ನೆ.

ಕ್ಲಾಂಪಿನ ವಿಷಯದಲ್ಲೇ ಹೆಚ್ಚಿನ ಸಾಧನಗಳು ಸೋಲುತ್ತವೆ. ಬೆನ್ನಿನಿಂದ ಅಂಚಿನವರೆಗೂ ಇಳಿಜಾರಾಗಿ ತೆಳುವಾಗುತ್ತಾ ಬರುವ ಅಲಗು ಇದ್ದರೆ, ಎರಡೂ ಹಲ್ಲು ಸಮಾನಾಂತರವಾಗಿ ಒತ್ತುವ ಕ್ಲಾಂಪಿಗೆ ಅಲ್ಲಿ ಸರಿಯಾದ ಹಿಡಿತ ಸಿಗುವುದಿಲ್ಲ. ಅಲಗು ಒಂದು ಕಡೆ ವಾಲುತ್ತದೆ, ಇಲ್ಲವೇ ಉಜ್ಜುವಾಗ ಮೆಲ್ಲಗೆ ಜಾರುತ್ತದೆ. ವಾಲಿದರೆ ಒಂದು ಬದಿ 17, ಇನ್ನೊಂದು ಬದಿ 23 ಬಂದರೂ ಬರಬಹುದು. ತೆಳುವಾದ ಉದ್ದ ಚಾಕು ನಡುವೆ ಮಾತ್ರ ಹಿಡಿದರೆ ಎರಡೂ ತುದಿ ಕಲ್ಲಿನ ಒತ್ತಡಕ್ಕೆ ಬಾಗುತ್ತವೆ. ಅಂಥದ್ದಕ್ಕೆ ಎರಡು ಕಡೆ ಹಿಡಿಯುವ ಸಾಧನ ಬೇಕು. ಇಲ್ಲದಿದ್ದರೆ ಎಡ್ಜ್ ಪ್ರೊ ತರಹದ್ದು ಆಗಬಹುದು. ಅದರಲ್ಲಿ ಕ್ಲಾಂಪೇ ಇಲ್ಲ, ಅಲಗನ್ನು ಒಂದು ಸಣ್ಣ ಮೇಜಿನಂಥ ತಟ್ಟೆಯ ಮೇಲೆ ಇಟ್ಟು ಕೈಯಲ್ಲಿ ಒತ್ತಿ ಹಿಡಿದು ಸರಿಸುತ್ತಾ ಹೋಗುವುದು. ಉದ್ದದ ಅಡುಗೆಮನೆ ಚಾಕುಗಳಿಗೆ ಇದು ಸಲೀಸು, ಆದರೆ ಕೈ ಪಳಗಬೇಕು. ವಿಕೆಡ್ ಎಡ್ಜ್‌ನಲ್ಲಿ ಚಾಕು ಅಂಚು ಮೇಲೆ ಮಾಡಿ ನಿಂತಿರುತ್ತದೆ, ಎರಡು ಬದಿಗೂ ಒಂದೊಂದು ಕಲ್ಲು, ತಿರುಗಿಸುವ ಗೋಜಿಲ್ಲ. ಚಾಕು ತಿರುಗಿಸಿ ಮಸೆಯುವ ಸಾಧನ ತೆಗೆದುಕೊಂಡರೆ ಎರಡೂ ಬದಿಯ ಕೋನ ಒಂದೇ ಬರುತ್ತದೋ ಅಂತ ಡಿಜಿಟಲ್ ಕೋನಮಾಪಕ ಇಟ್ಟು ನೋಡುವುದು ಒಳ್ಳೆಯದು.

ಇನ್ನು ಕಲ್ಲುಗಳು. ಡಬ್ಬದಲ್ಲಿ ಏಳೆಂಟು ಕಲ್ಲು ಇದ್ದರೆ ಜನ ಖುಷಿ ಪಡುತ್ತಾರೆ. ಒರಟು, ಮಧ್ಯಮ, ನಯ, ಈ ಮೂರು ಒಳ್ಳೆಯವಿದ್ದು ಕೊನೆಗೆ ಒಂದು ಚರ್ಮದ ಪಟ್ಟಿ ಇದ್ದರೆ ದಿನದ ಬಳಕೆಗೆ ಅದಕ್ಕಿಂತ ಇನ್ನೇನು ಬೇಕು? ಗ್ರಿಟ್ ಸಂಖ್ಯೆ, ಅಂದರೆ ಕಲ್ಲು ಎಷ್ಟು ನಯ ಅಂತ ಹೇಳುವ ಸಂಖ್ಯೆ, ಅದನ್ನು ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ. ಜಪಾನಿನ ಲೆಕ್ಕ ಬೇರೆ, ಯುರೋಪಿನ ಲೆಕ್ಕ ಬೇರೆ, ಒಂದರ 1000 ಇನ್ನೊಂದರ 1000 ಅಲ್ಲ. ಕಲ್ಲಿನ ಕಣದ ಗಾತ್ರ ಮೈಕ್ರಾನ್‌ನಲ್ಲಿ ಬರೆದಿದ್ದರೆ ಅದನ್ನು ನೋಡಿ. ಉಕ್ಕಿನಲ್ಲಿ ವನೇಡಿಯಂ ಜಾಸ್ತಿ ಇದ್ದರೆ, ಉದಾಹರಣೆಗೆ ಎಸ್‌90ವಿ ತರಹದ್ದು, ಡೈಮಂಡ್ ಪ್ಲೇಟೇ ಒಳ್ಳೆಯದು. ಅಂಥ ಉಕ್ಕಿನೊಳಗಿನ ವನೇಡಿಯಂ ಕಾರ್ಬೈಡ್ ಸಾಮಾನ್ಯ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲಿಗಿಂತ ಗಟ್ಟಿ, ಕಲ್ಲು ಅದನ್ನು ಸರಿಯಾಗಿ ಕತ್ತರಿಸುವುದಿಲ್ಲ. ಹೊಸ ಡೈಮಂಡ್ ಪ್ಲೇಟ್ ಮೊದಮೊದಲು ಬರೆದಿರುವುದಕ್ಕಿಂತ ಒರಟಾಗಿರುತ್ತದೆ, ಗಾಬರಿ ಬೇಡ. ಆದರೆ ಬೇಗ ಆಗಲಿ ಅಂತ ಜೋರಾಗಿ ಒತ್ತಿದರೆ ಡೈಮಂಡ್ ಕಣಗಳೇ ಕಿತ್ತು ಬರುತ್ತವೆ.

ಕೊಳ್ಳುವ ಮುಂಚೆ ಕಲ್ಲಿನ ಅಳತೆ ಕೇಳಿ. 6 ಇಂಚು ಉದ್ದ, 1 ಇಂಚು ಅಗಲದ ಕಲ್ಲು ಹಾಕಲು ಬರುವ ಸಾಧನವಾದರೆ ಬೇರೆ ಬೇರೆ ಕಂಪನಿಯ ಕಲ್ಲುಗಳು ಸಿಗುತ್ತವೆ. ತನ್ನದೇ ಆಕಾರದ ಕಲ್ಲು ಮಾತ್ರ ಕೂರುವಂತೆ ಮಾಡಿದ್ದರೆ ಆ ಕಂಪನಿ ಅದನ್ನು ನಿಲ್ಲಿಸಿದ ದಿನ ನಿಮ್ಮ ಸಾಧನವೂ ನಿಂತ ಹಾಗೆಯೇ. ನನ್ನ ಕೇಳಿದರೆ ಇದೊಂದೇ ಕಾರಣಕ್ಕೆ ಎಷ್ಟೋ ಚಂದದ ಸಾಧನಗಳನ್ನು ಬಿಡಬಹುದು.

ಅಲಗಿನ ಒಂದೇ ಬದಿ ಮಸೆಯುವ ಜಪಾನೀ ಚಾಕುಗಳಿಗೆ ಇವು ಅಷ್ಟಾಗಿ ಸರಿ ಹೋಗುವುದಿಲ್ಲ, ಅದಕ್ಕೆ ಚಪ್ಪಟೆ ಕಲ್ಲೇ ಒಳ್ಳೆಯದು. ಗರಗಸದ ಹಲ್ಲಿನ ಚಾಕುವಿಗೆ ಶಾರ್ಪ್‌ಮೇಕರ್ ತರಹ ಕಲ್ಲೇ ರಾಡಿನಂತೆ ಇರುವ ಮಾದರಿ ಒಳ್ಳೆಯದು.

ಬರಹದಲ್ಲಿ ಬರದ ಇನ್ನೊಂದು ಮಾತು. ಎಂಥ ಸಾಧನ ಇದ್ದರೂ, ಒರಟು ಕಲ್ಲಿನಲ್ಲಿ ಅಂಚಿನ ಆಚೆ ಬದಿಗೆ ಲೋಹದ ತೆಳು ಎಳೆ ಏಳುವವರೆಗೂ ಮುಂದಿನ ಕಲ್ಲಿಗೆ ಹೋಗಬಾರದು. ಬರ್ ಅನ್ನುತ್ತಾರೆ ಅದಕ್ಕೆ. ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಹೊರಗೆ ಮೆಲ್ಲಗೆ ಸವರಿದರೆ ತಡೆದ ಹಾಗೆ ಆಗುತ್ತದೆ. ಅಲಗಿನ ಪೂರ್ತಿ ಉದ್ದಕ್ಕೂ ಅದು ಸಿಗಬೇಕು, ಆಮೇಲೆ ಬದಿ ಬದಲಿಸುತ್ತಾ, ಒತ್ತಡ ಕಮ್ಮಿ ಮಾಡುತ್ತಾ ಅದನ್ನು ತೆಗೆಯಬೇಕು. ಇಷ್ಟು ದುಡ್ಡು ಹಾಕಿ ತಂದರೂ ಚಾಕು ಹರಿತ ಆಗಲಿಲ್ಲ ಅನ್ನುವವರಲ್ಲಿ ಹೆಚ್ಚಿನವರು ನಿಂತುಬಿಡುವುದು ಇಲ್ಲೇ. ಕೆಲವರು ಬರ್ ಏಳುವ ಮುಂಚೆಯೇ ನಯ ಕಲ್ಲಿಗೆ ಹಾರುತ್ತಾರೆ, ಇನ್ನು ಕೆಲವರು ಎದ್ದ ಬರ್ ಅನ್ನೇ ಹರಿತ ಅಂತ ತಿಳಿದು ಬಿಡುತ್ತಾರೆ, ಅದು ಎರಡು ಸಲ ಕೊಯ್ದರೆ ಮಡಚಿಕೊಂಡು ಚಾಕು ಮತ್ತೆ ಮೊಂಡು.

ಮುಂದಿನ ಸಲ ಇಂಥ ಬರಹ ಹಾಕುವಾಗ ಕ್ಲಾಂಪ್ ಎಷ್ಟು ದಪ್ಪದ ಬೆನ್ನು ಹಿಡಿಯುತ್ತದೆ, ಎಷ್ಟು ಅಗಲದ ಅಲಗು ಇಟ್ಟು ಆ ಡಿಗ್ರಿ ಅಳೆದಿದ್ದಾರೆ, ಯಾವ ಅಳತೆಯ ಕಲ್ಲು ಕೂರುತ್ತದೆ, ಈ ಮೂರನ್ನು ಪ್ರತಿ ಸಾಧನದ ಹೆಸರಿನ ಮುಂದೆ ಬರೆಸಿ. ಕಲ್ಲುಗಳ ಎಣಿಕೆ ಬಿಟ್ಟರೂ ಪರವಾಗಿಲ್ಲ.

ಇತಿ,
ನಿಮ್ಮ ಓದುಗ