ಏಡಿಯನ್ನು ಕಾಯುವುದು ಬರೀ ಚಿಪ್ಪಲ್ಲ

ಮಾನ್ಯ ಸಂಪಾದಕರೇ,

ಹೊಳೆ ಕಡಲು ಸೇರುವ ಅಳಿವೆಯ ಜೀವಿಗಳ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ, ಚೆನ್ನಾಗಿತ್ತು. ಆದರೆ ಗಟ್ಟಿ ಚಿಪ್ಪು ಇರುವುದರಿಂದ ಏಡಿ, ಸಿಗಡಿಗಳಿಗೆ ನೀರಿನ ಉಪ್ಪು ಏರಿದರೂ ಇಳಿದರೂ ಏನೂ ಆಗುವುದಿಲ್ಲ ಎಂಬ ಮಾತು ಸರಿಯಲ್ಲ. ತುಂಬಾ ಜನ ಹೀಗೇ ನಂಬಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಚಿಪ್ಪು ನೀರನ್ನು ಒಂದಷ್ಟು ತಡೆಯುತ್ತದೆ, ನಿಜ. ಆದರೆ ಏಡಿ ಉಸಿರಾಡಬೇಕಲ್ವಾ? ಅದರ ಕಿವಿರಿನ ಪದರ ತೀರಾ ತೆಳು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಳಿವೆಗೆ ಹೊಳೆಯ ಸಿಹಿನೀರು ನುಗ್ಗಿದಾಗ ಈ ಪ್ರಮಾಣ ಕೆಲವೇ ಗಂಟೆಗಳಲ್ಲಿ ಕುಸಿಯಬಹುದು. ಆಗ ಕಿವಿರಿನ ಮೂಲಕ ನೀರು ಮೈಯೊಳಗೆ ಬರುತ್ತದೆ, ರಕ್ತದ ಉಪ್ಪು ಹೊರಗೆ ಸೋರುತ್ತದೆ.

ತೀರದ ಏಡಿಯಂಥವು ಇದನ್ನು ತಡೆದುಕೊಳ್ಳುವುದು ಮುಖ್ಯವಾಗಿ ಹಿಂಬದಿಯ ಕಿವಿರುಗಳಿಂದ. ಅಲ್ಲಿನ ಜೀವಕೋಶಗಳಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪ್ ಎಂಬ ಪ್ರೋಟೀನ್ ಜಾಸ್ತಿ. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣು ಒಂದು ಖರ್ಚಾದಾಗ ಈ ಪಂಪ್ 3 ಸೋಡಿಯಂ ಅಯಾನುಗಳನ್ನು (ವಿದ್ಯುದಂಶವಿರುವ ಕಣಗಳನ್ನು) ಕೋಶದಿಂದ ರಕ್ತಕ್ಕೆ ದಾಟಿಸಿ, 2 ಪೊಟ್ಯಾಸಿಯಂ ಅಯಾನುಗಳನ್ನು ಕೋಶದೊಳಗೆ ತರುತ್ತದೆ. ಹೀಗೆ ಸೋರಿಹೋದ ಉಪ್ಪನ್ನು ಹೊರಗಿನ ನೀರಿನಿಂದ ಮತ್ತೆ ಎಳೆದುಕೊಳ್ಳಲು ದಾರಿಯಾಗುತ್ತದೆ. ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೌ 1957ರಲ್ಲಿ ಈ ಪಂಪಿನ ಸುಳಿವು ಹಿಡಿದಿದ್ದು ಏಡಿಯ ಕಾಲಿನ ನರದಲ್ಲೇ. 1997ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ನಮ್ಮ ಮೈಯಲ್ಲೂ ಇದೇ ಪಂಪ್ ಇದೆ.

ಇಷ್ಟಾದರೂ ರಕ್ತದ ಉಪ್ಪು ಸ್ವಲ್ಪ ಇಳಿದೇ ಇಳಿಯುತ್ತದೆ, ಜೇಡ ಏಡಿಗಳಂಥವುಗಳಲ್ಲಂತೂ ಅದು ಹೊರಗಿನ ನೀರಿನ ಮಟ್ಟಕ್ಕೇ ಬಂದುಬಿಡುತ್ತದೆ. ಆಗ ಸ್ನಾಯು, ನರಗಳ ಕೋಶಗಳು ನೀರು ಹೀರಿ ಊದುತ್ತವೆ. ನನಗೆ ಅತ್ಯಂತ ಸೊಗಸೆನಿಸುವುದು ಮುಂದಿನ ಕೆಲಸ. ಕೋಶಗಳು ತಮ್ಮೊಳಗೆ ಕೂಡಿಟ್ಟಿದ್ದ ಗ್ಲೈಸಿನ್, ಪ್ರೋಲಿನ್, ಅಲನಿನ್, ಟಾರಿನ್‌ನಂಥ ಅಮೈನೋ ಆಮ್ಲಗಳೆಂಬ ಸಣ್ಣ ಅಣುಗಳನ್ನು ಹೊರಗೆ ಬಿಡುತ್ತವೆ, ಅವುಗಳ ಹಿಂದೆಯೇ ನೀರೂ ಹೋಗಿ ಕೋಶ ಮೊದಲಿನ ಗಾತ್ರಕ್ಕೆ ಹತ್ತಿರ ಬರುತ್ತದೆ. ಉಪ್ಪು ಏರಿದಾಗ ಇದರ ಉಲ್ಟಾ, ಅಮೈನೋ ಆಮ್ಲಗಳು ಮತ್ತೆ ಒಳಗೆ ಸೇರುತ್ತವೆ. ಈ ಕೆಲಸವನ್ನೆಲ್ಲ ಉಪ್ಪಿನ ಅಯಾನುಗಳಿಂದಲೇ ಮಾಡಬಹುದಿತ್ತಲ್ಲ ಎಂದು ಕೇಳಬಹುದು. ಕೋಶದೊಳಗೆ ಅವು ವಿಪರೀತ ಏರಿಳಿದರೆ ಪ್ರೋಟೀನುಗಳ ಕೆಲಸ ಕೆಡುತ್ತದೆ, ನರದ ಸಂಕೇತಗಳೂ ಏರುಪೇರಾಗುತ್ತವೆ. ಅಮೈನೋ ಆಮ್ಲಗಳಿಂದ ಅಷ್ಟು ತೊಂದರೆಯಿಲ್ಲ.

ಇದ್ಯಾವುದೂ ಸುಮ್ನೆ ಆಗುವುದಿಲ್ಲ. ಶಕ್ತಿ ಬೇಕು, ಸಮಯ ಬೇಕು. ಆಗಷ್ಟೇ ಹಳೇ ಚಿಪ್ಪು ಕಳಚಿದ ಏಡಿಗೆ ಇನ್ನೂ ಕಷ್ಟ. ಹಾಗಾಗಿ ಏಡಿ, ಸಿಗಡಿ ಸತ್ತ ಸುದ್ದಿ ಬಂದಾಗ ಉಪ್ಪು ಎಷ್ಟು ಇಳಿಯಿತು ಎಂಬುದರ ಜೊತೆಗೆ ಎಷ್ಟು ಬೇಗ ಇಳಿಯಿತು ಎಂಬುದನ್ನೂ ದಯವಿಟ್ಟು ಕೇಳಿ ಬರೆಯಿರಿ. ನಿಧಾನವಾಗಿ ಇಳಿದಾಗ ತಾಳಿಕೊಳ್ಳುವ ಪ್ರಾಣಿಯೇ, ಅಷ್ಟೇ ಇಳಿಕೆ ಒಮ್ಮೆಲೇ ಆದರೆ ಸಾಯಬಹುದು.

ಇಂತಿ,
ನಿಮ್ಮ ಓದುಗ